ಮನೆ ಹಿಂದಿನ ಬರೆಗೆ ತಡೆಗೋಡೆ ಕಟ್ಟಿದರೆ ಸಾಕಾ? ತಿಳಿದವರು ಹೇಳಿ

ಹಾರಂಗಿ_ತೋಟ

ಎಲ್ಲರಿಗೂ ನಮಸ್ಕಾರ. ನಮ್ಮದು ಮಡಿಕೇರಿ ತಾಲ್ಲೂಕು. ಇಳಿಜಾರಿನಲ್ಲಿ ಬರೆ (ಗುಡ್ಡದ ಕಡಿದಾದ ಮಣ್ಣಿನ ದಿಬ್ಬ) ಕಡಿದು ಮಟ್ಟ ಮಾಡಿ ಅಪ್ಪ ಕಟ್ಟಿಸಿದ ಮನೆ. ಅಡುಗೆಮನೆಯ ಹಿಂದೆ ಸುಮಾರು 18 ಅಡಿ ಬರೆ ನೆಟ್ಟಗೆ ನಿಂತಿದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮೊಣ್ಣಂಗೇರಿ, ಜೋಡುಪಾಲ, ಹಟ್ಟಿಹೊಳೆ ಕಡೆ ಬೆಟ್ಟಗಳೇ ಜಾರಿ ಬಂದಾಗ ನಮ್ಮಲ್ಲಿ ಒಂದು ಮೂಲೆಯ ಮಣ್ಣು ಬಿದ್ದಿತ್ತು, ಅಷ್ಟೇ. ಆಮೇಲೆ ಪ್ರತಿ ಮಳೆಗಾಲಕ್ಕೂ ಸ್ವಲ್ಪ ಸ್ವಲ್ಪ ಬೀಳುತ್ತಲೇ ಇದೆ. ಈಗ ಬರೆಯ ಮೇಲಿನ ತೋಟದಲ್ಲಿ ಒಂದು ಬಿರುಕು ಕಾಣುತ್ತಿದೆ.

ಕಾಂಟ್ರಾಕ್ಟರ್ ಬಂದು ನೋಡಿ, ಕಾಂಕ್ರೀಟ್ ಗೋಡೆ ಎಬ್ಬಿಸಿದರೆ ಯೋಚನೆಯೇ ಬೇಡ ಅಂದರು. ಖರ್ಚು ನಮ್ಮ ಎರಡು ವರ್ಷದ ಕಾಫಿ ಆದಾಯಕ್ಕಿಂತ ಜಾಸ್ತಿ. ತಮ್ಮ ಎಲ್ಲ ಮಾರಿ ಕುಶಾಲನಗರಕ್ಕೆ ಹೋಗೋಣ ಅನ್ನುತ್ತಾನೆ. ಅಮ್ಮ ಒಪ್ಪುವುದಿಲ್ಲ.

ಇನ್ನೊಂದು ಪ್ರಶ್ನೆ. ಬರೆಯ ಮೇಲಿನ ತೋಟದಲ್ಲಿ ಮಳೆನೀರು ಇಂಗಿಸಲು ಗಿಡಗಳ ನಡುವೆ ತೋಡಿದ ತೊಟ್ಟಿಲು ಗುಂಡಿಗಳಿವೆ. ಅವನ್ನು ಹಾಗೇ ಬಿಡಬೇಕಾ, ಮುಚ್ಚಬೇಕಾ?

ಘಾಟಿ_ಇಂಜಿನಿಯರ್

ಗೋಡೆಯ ಮಾತು ಆಮೇಲೆ. ನಾನು ಘಾಟಿ ರಸ್ತೆಗಳ ಕೆಲಸ ಮಾಡಿ ನಿವೃತ್ತನಾದವನು. ಮೊದಲು ಇಷ್ಟು ಹೇಳಿ. ಬರೆಯ ಮೇಲೆ ಬೀಳುವ ಮಳೆನೀರು ಎಲ್ಲಿಗೆ ಹೋಗುತ್ತದೆ? ಮೇಲೆ ರಸ್ತೆ ಇದೆಯಾ? ಶೌಚಾಲಯದ ಗುಂಡಿ ಎಲ್ಲಿದೆ? ಬರೆಯ ಬುಡದಲ್ಲಿ ನೀರು ಒಸರುತ್ತದೆಯಾ, ಒಸರಿದರೆ ತಿಳಿಯಾಗಿದೆಯಾ ಕೆಂಪಾಗಿದೆಯಾ? ಬಿರುಕು ಬರೆಯ ಅಂಚಿನಿಂದ ಎಷ್ಟು ದೂರ?

ಹಾರಂಗಿ_ತೋಟ

ಮೇಲೆ ಪಕ್ಕದವರ ತೋಟದ ಮಣ್ಣಿನ ರಸ್ತೆ ಇದೆ. ಜೋರು ಮಳೆಯಲ್ಲಿ ಅದೇ ತೋಡು (ಸಣ್ಣ ಹಳ್ಳ) ಆಗುತ್ತದೆ, ನೀರು ನೇರ ನಮ್ಮ ಬರೆಯ ತಲೆಗೇ ಬರುತ್ತದೆ. ಶೌಚಾಲಯದ ಗುಂಡಿ ಮನೆಯ ಕೆಳಗಡೆ. ಬುಡದಲ್ಲಿ ಜುಲೈ ಹೊತ್ತಿಗೆ ಒಸರು ಶುರುವಾಗುತ್ತದೆ, ಇದುವರೆಗೆ ತಿಳಿ ನೀರು. ಬಿರುಕು ಅಂಚಿನಿಂದ ಎಂಟು ಹತ್ತು ಅಡಿ ಹಿಂದೆ, ಬರೆಗೆ ಸಮಾನಾಂತರವಾಗಿ ಹೋಗಿದೆ.

ಘಾಟಿ_ಇಂಜಿನಿಯರ್

ಹಾಗಾದರೆ ನಿಮ್ಮ ನಿಜವಾದ ತೊಂದರೆ ಮೇಲಿನ ರಸ್ತೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಿಮ್ಮ ಮನೆಯ ಮಾಡು (ಛಾವಣಿ) 100 ಚದರ ಮೀಟರ್ ಅಂತ ಇಟ್ಟುಕೊಳ್ಳಿ. ಒಂದೇ ದಿನ 200 ಮಿಲಿಮೀಟರ್ ಸುರಿದರೆ ಮಾಡಿನಿಂದಲೇ 20,000 ಲೀಟರ್ ಇಳಿಯುತ್ತದೆ. ಮೇಲಿನ ಒಂದು ಎಕರೆಯ ಮೇಲೆ ಬೀಳುವುದು ಸುಮಾರು 8 ಲಕ್ಷ ಲೀಟರ್. ಇದರಲ್ಲಿ ಅರ್ಧ ನಿಮ್ಮ ಬರೆಯ ಒಳಗೆ ಇಳಿದರೂ ಮಣ್ಣಿನ ಭಾರ ಏರುತ್ತದೆ, ಕಣಗಳ ನಡುವಿನ ಹಿಡಿತ ಸಡಿಲವಾಗುತ್ತದೆ. ಬರೆ ಕುಸಿಯುವುದು ಹೀಗೆ.

ಈಗ ಗೋಡೆಯ ವಿಷಯ. ನೀರು ಹೊರಗೆ ಬರಲು ದಾರಿ ಇಲ್ಲದ ಗೋಡೆ ಬರೆಯನ್ನು ತಡೆಯುವುದಿಲ್ಲ. ಅದರ ಹಿಂದೆ ನೀರು ತುಂಬುತ್ತದೆ, ಆ ಒತ್ತಡ ಗೋಡೆಯನ್ನೇ ಮುಂದಕ್ಕೆ ತಳ್ಳುತ್ತದೆ. ಉಬ್ಬಿ ಬಿದ್ದ ತಡೆಗೋಡೆಗಳನ್ನು ನಾನು ಎಷ್ಟೋ ನೋಡಿದ್ದೇನೆ. ಹೆಚ್ಚಿನವುಗಳಲ್ಲಿ ಕಾಂಕ್ರೀಟ್ ಚೆನ್ನಾಗಿಯೇ ಇತ್ತು. ಹಿಂದೆ ಜಲ್ಲಿ ತುಂಬಿರಲಿಲ್ಲ, ನೀರು ಹೊರಗೆ ಬಿಡುವ ಪೈಪ್‌ಗಳು ಇರಲಿಲ್ಲ, ಇದ್ದರೂ ಮಣ್ಣು ಕಟ್ಟಿಕೊಂಡು ಮುಚ್ಚಿಹೋಗಿದ್ದವು.

ನಿಮ್ಮ ಜಾಗದಲ್ಲಿ ನಾನಿದ್ದರೆ ಮೊದಲು ಮೇಲಿನ ರಸ್ತೆಯ ನೀರನ್ನು ತಿರುಗಿಸುತ್ತೇನೆ. ಬಿರುಕಿಗಿಂತ ಸಾಕಷ್ಟು ಮೇಲೆ ಅಡ್ಡಲಾಗಿ ಒಂದು ಕಾಲುವೆ ಬೇಕು. ಬರೀ ಮಣ್ಣಿನ ಕಾಲುವೆ ಆದರೆ ನೀರು ಅಲ್ಲೇ ಇಂಗಿ ಇನ್ನಷ್ಟು ಅಪಾಯ. ಕಲ್ಲು, ಸಿಮೆಂಟ್ ಹಾಕಿ ನೀರು ಸೋರದ ಹಾಗೆ ಮಾಡಿ, ಪಕ್ಕದ ಸಹಜ ತೋಡಿನ ತನಕ ಕೊಂಡೊಯ್ಯಿರಿ. ನಡುವೆ ಎಲ್ಲೋ ತೋಟಕ್ಕೆ ಬಿಟ್ಟರೆ ಕೆಳಗಿನವರ ಬರೆ ಬೀಳುತ್ತದೆ. ಮಾಡಿನ ಅಂಚಿಗೆ ನೀರು ಹಿಡಿಯುವ ದೋಣಿ ಕಟ್ಟಿ ಪೈಪ್‌ನಲ್ಲಿ ಅದೇ ತೋಡಿಗೆ ಇಳಿಸಿ.

ಬಿರುಕಿನ ಎರಡೂ ಕಡೆ ಗೂಟ ಹೊಡೆದು ನಡುವಿನ ಅಂತರ ಅಳೆದು ಬರೆದಿಡಿ. ಬಿರುಕಿಗೆ ಜೇಡಿಮಣ್ಣು ತುಂಬಿ ಗುದ್ದಿ, ಮಳೆ ಶುರುವಾಗುವ ಮೊದಲು ಮೇಲೆ ಟಾರ್ಪಾಲ್ ಹೊದಿಸಿ. ಅಂತರ ಹಿಗ್ಗುತ್ತಿದ್ದರೆ ಆ ಮನೆಯಲ್ಲಿ ಮಲಗಬೇಡಿ. ತಿಳಿ ಒಸರು ಇದ್ದಕ್ಕಿದ್ದಂತೆ ಕೆಂಪಾದರೆ, ಅಥವಾ ಮಳೆ ಸುರಿಯುತ್ತಿದ್ದರೂ ಒಸರು ನಿಂತುಹೋದರೆ, ಆ ಕ್ಷಣವೇ ಹೊರಡಿ. ಬಾಗಿಲು ಸಿಕ್ಕಿಹಾಕಿಕೊಳ್ಳುವುದು, ಮರ ಅಥವಾ ಕಂಬ ವಾಲುವುದು ಕೂಡ ಲಕ್ಷಣಗಳೇ.

18 ಅಡಿ ನೆಟ್ಟಗಿನ ಬರೆಯನ್ನು ಮೆಟ್ಟಿಲು ಮಾಡಬಹುದು. ಆರಡಿ ಎತ್ತರ, ನಾಲ್ಕೈದು ಅಡಿ ಅಗಲ, ಹಾಗೆ ಮೂರು ಹಂತ. ಮಣ್ಣು ನೋಡಿದವರು ಹೂಂ ಅಂದರೆ ಮಾತ್ರ. ಬೇಸಿಗೆಯಲ್ಲೇ ಆಗಬೇಕು, ಮೇಲಿನಿಂದ ಕೆಳಕ್ಕೆ ಕಡಿಯಬೇಕು. ಬುಡವನ್ನು ಮಾತ್ರ ಒಂದು ಅಡಿಯೂ ಕೆರೆಯಬೇಡಿ. ಬುಡಕ್ಕೆ ತಂತಿಬುಟ್ಟಿಯಲ್ಲಿ ಕಲ್ಲು ತುಂಬಿದ ಗೋಡೆ ಸಾಕಾಗಬಹುದು. ಅದರಲ್ಲಿ ನೀರು ತಾನಾಗಿಯೇ ಬಸಿದು ಹೋಗುತ್ತದೆ, ಕಾಂಕ್ರೀಟ್‌ಗಿಂತ ಅಗ್ಗ. ಮೆಟ್ಟಿಲುಗಳ ಅಂಚಿಗೆ ಲಾವಂಚ ಹಾಕಿ. ಬೇರು ಮೂರು ಮೀಟರ್ ತನಕ ನೇರ ಕೆಳಗೆ ಇಳಿಯುತ್ತದೆ. ಆದರೆ ಲಾವಂಚ ಮೇಲ್ಮಣ್ಣನ್ನು ಹಿಡಿಯುತ್ತದೆ ಅಷ್ಟೇ. ಆಳದಿಂದ ಜಾರುವ ಗುಡ್ಡಕ್ಕೆ ಅದು ಮದ್ದಲ್ಲ.

ಬಿರುಕು ಇರುವುದರಿಂದ ಭೂವಿಜ್ಞಾನಿ ಒಮ್ಮೆ ನೋಡಲೇಬೇಕು. ತಹಶೀಲ್ದಾರರಿಗೆ ಅರ್ಜಿ ಕೊಡಿ, ಗಣಿ ಮತ್ತು ಭೂವಿಜ್ಞಾನ ಇಲಾಖೆಯವರನ್ನು ಕಳಿಸಲು ಕೇಳಿ. ಫೋಟೊ, ಅಳತೆ ಜೊತೆಗಿರಲಿ.

ನೀರಿಂಗಿಸಿ

ಇಂಜಿನಿಯರ್ ಸರ್, ನೀರು ಹೊರಗೆ ಓಡಿಸಿ ಅನ್ನುತ್ತಿದ್ದೀರಿ. ಬಿದ್ದಲ್ಲೇ ಇಂಗಿಸಿ ಅಂತ ಇಷ್ಟು ವರ್ಷ ರೈತರಿಗೆ ಹೇಳಿಕೊಂಡು ಬಂದಿದ್ದೇವೆ. ಬೇಸಿಗೆಯಲ್ಲಿ ಕೊಡಗಿನ ಹೊಳೆಗಳೇ ಒಣಗುತ್ತಿವೆ. ಕಾಫಿ ಹೂ ಮಳೆ ತಡವಾದರೆ ತುಂತುರು ನೀರಾವರಿಗೂ ನೀರಿಲ್ಲ.

ಘಾಟಿ_ಇಂಜಿನಿಯರ್

ನಿಮ್ಮ ಕಾಳಜಿ ಸರಿ. ಜಾಗ ನೋಡಿ ಮಾಡಿ ಅನ್ನುವುದಷ್ಟೇ ನನ್ನ ಮಾತು. ಕೋಲಾರದಲ್ಲಿ, ಚಿತ್ರದುರ್ಗದಲ್ಲಿ ಇಂಗು ಗುಂಡಿ ಜೀವ ಉಳಿಸುತ್ತದೆ. ಮಳೆ ಕಡಿಮೆ, ಜಾಗ ಮಟ್ಟಸ. ಕಡಿದಾದ ಇಳಿಜಾರಿನಲ್ಲಿ, ದಪ್ಪ ಮಣ್ಣಿನ ಕೆಳಗೆ ಜಾರುಬಂಡೆ ಇರುವಲ್ಲಿ, ಕೆಳಗಡೆ ಮನೆ ಇರುವಲ್ಲಿ ಅದೇ ಗುಂಡಿ ಅಪಾಯ. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದು ಅರ್ಚಕರ ಕುಟುಂಬ ಮಣ್ಣುಪಾಲಾಯಿತಲ್ಲ, ಆಗ ಬೆಟ್ಟದ ಮೇಲೆ ತೋಡಿದ್ದ ಇಂಗು ಗುಂಡಿಗಳ ಬಗ್ಗೆಯೇ ದೊಡ್ಡ ಚರ್ಚೆ ಎದ್ದಿತು.

ಹಾರಂಗಿಯವರೇ, ಬರೆಗೆ ಹತ್ತಿರದ ತೊಟ್ಟಿಲು ಗುಂಡಿಗಳನ್ನು ಮುಚ್ಚಿಸಿ. ದೂರದಲ್ಲಿ, ಮಟ್ಟಸ ಜಾಗದಲ್ಲಿ ಇರುವವು ಇರಲಿ. ಹೊಳೆಗೆ ಬೇಸಿಗೆ ನೀರು ಬೇಕೆಂದರೆ ಬೆಟ್ಟದ ತಲೆಯ ಕಾಡು, ಗದ್ದೆ, ಜೌಗು ಉಳಿಸಿಕೊಳ್ಳಿ. ಗದ್ದೆಗೆ ಮಣ್ಣು ತುಂಬಿ ಸೈಟ್ ಮಾಡಿದ ಊರಿನಲ್ಲಿ ಗುಂಡಿ ತೋಡಿ ಏನೂ ಪ್ರಯೋಜನವಿಲ್ಲ.

ಗಂಗಾವಳಿ_ದಂಡೆ

ನಾನು ಅಂಕೋಲಾ ಕಡೆಯವಳು. ಮನೆ ಹಿಂದಿನ ಬರೆಯ ಬಗ್ಗೆ ಇಷ್ಟು ಚೆನ್ನಾಗಿ ಹೇಳಿದಿರಿ. ಹೆದ್ದಾರಿಗಾಗಿ ಕಡಿದ ಗುಡ್ಡವನ್ನು ಯಾರು ನೋಡಿಕೊಳ್ಳಬೇಕು?

2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಹೆದ್ದಾರಿ 66ರ ಮೇಲೆ ಬಂತು. ರಸ್ತೆ ಬದಿ ಚಹಾ ಅಂಗಡಿ ಇಟ್ಟುಕೊಂಡಿದ್ದ ಸಂಸಾರ, ಅಲ್ಲಿ ಲಾರಿ ನಿಲ್ಲಿಸಿದ್ದವರು ಹೋದರು. ಒಟ್ಟು 11 ಜನ. ಕೇರಳದ ಲಾರಿ ಚಾಲಕನ ದೇಹ ಗಂಗಾವಳಿಯ ತಳದಿಂದ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲದ ಇನ್ನೊಂದು ವಿಷಯ ಹೇಳುತ್ತೇನೆ. ಮಣ್ಣು ನದಿಗೆ ಬಿದ್ದ ರಭಸಕ್ಕೆ ನೀರು ಎದ್ದು ಆಚೆ ದಡದ ಉಳುವರೆ ಊರಿಗೆ ನುಗ್ಗಿತು. ಮನೆಗಳು ಬಿದ್ದವು, ಜೀವವೂ ಹೋಯಿತು. ಅವರು ಗುಡ್ಡದ ಕೆಳಗೆ ಇದ್ದವರಲ್ಲ. ಯಾವ ಪಟ್ಟಿಯಲ್ಲಿ ಆ ಊರನ್ನು ಅಪಾಯದ ಜಾಗ ಅಂತ ಬರೆದಿರಬಹುದು ಹೇಳಿ?

ನಮ್ಮ ಕರಾವಳಿಯ ಎಷ್ಟೋ ಗುಡ್ಡಗಳಲ್ಲಿ ಮೇಲೆ ಚಿರೆಕಲ್ಲು, ಕೆಳಗೆ ಶೇಡಿ ಮಣ್ಣು. ಶೇಡಿ ಮಣ್ಣು ಒಣಗಿದ್ದಾಗ ಬೆಲ್ಲದಚ್ಚಿನ ಹಾಗೆ ಗಟ್ಟಿ, ನೀರು ತಾಗಿದರೆ ಕರಗಿ ಹರಿಯುತ್ತದೆ. ಹಳಬರು ಬಾವಿ ತೋಡುವಾಗ ಶೇಡಿ ಸಿಕ್ಕರೆ ಹುಷಾರಾಗುತ್ತಿದ್ದರು. ರಸ್ತೆ ಅಗಲ ಮಾಡುವಾಗ ಮಾತ್ರ ಯಂತ್ರಗಳು ಅದನ್ನು ನೆಟ್ಟಗೆ ಕಡಿಯುತ್ತಾ ಹೋದವು. ಮೇಲೆ ಕಾಲುವೆ ಇಲ್ಲ, ಮೆಟ್ಟಿಲು ಇಲ್ಲ. ಮಳೆಗಾಲದಲ್ಲಿ ಬಸ್ಸಿನಲ್ಲಿ ಆ ದಾರಿಯಲ್ಲಿ ಹೋಗುವಾಗ ಈಗಲೂ ಎಲ್ಲರೂ ಗುಡ್ಡದ ಕಡೆಯೇ ನೋಡುತ್ತಾ ಕೂರುತ್ತೇವೆ.

ದೂರದ_ಕನ್ನಡಿಗ

ನಾನು ಕೆಲಸದ ಮೇಲೆ ಹಾಂಗ್‌ಕಾಂಗ್‌ನಲ್ಲಿದ್ದೇನೆ. ಗಂಗಾವಳಿ ಅಕ್ಕನ ಪ್ರಶ್ನೆಗೆ ಇಲ್ಲಿ ಒಂದು ಉತ್ತರ ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿಯೂ ನಮ್ಮ ಹಾಗೆಯೇ ಕಡಿದಾದ ಗುಡ್ಡ, ಜಡಿಮಳೆ. 1972ರ ಜೂನ್ 18, ಒಂದೇ ದಿನ ಸೌ ಮೌ ಪಿಂಗ್ ಮತ್ತು ಪೋ ಶಾನ್ ರಸ್ತೆಯಲ್ಲಿ ಮಣ್ಣು ಕುಸಿದು 138 ಜನ ಸತ್ತರು. 1976ರಲ್ಲಿ ಸೌ ಮೌ ಪಿಂಗ್‌ನಲ್ಲೇ ಮತ್ತೆ 18 ಜನ. ಅದಾದ ಮೇಲೆ 1977ರಲ್ಲಿ ಇಳಿಜಾರುಗಳಿಗೆಂದೇ ಒಂದು ಸರ್ಕಾರಿ ಕಚೇರಿ ಶುರು ಮಾಡಿದರು. ಮನುಷ್ಯ ಕಡಿದ ಅಥವಾ ತುಂಬಿದ ಪ್ರತಿ ದೊಡ್ಡ ಇಳಿಜಾರಿಗೂ ಒಂದು ನಂಬರ್. ಈಗ ಸುಮಾರು 60,000 ಇಳಿಜಾರುಗಳು ಆ ಪಟ್ಟಿಯಲ್ಲಿವೆ. ನಾನು ನಡೆದು ಹೋಗುವ ದಾರಿಯ ಪಕ್ಕದ ಬರೆಗೂ ನಂಬರ್ ಬರೆದ ಫಲಕ ಇದೆ. ಯಾವ ಇಳಿಜಾರು ಯಾರದು ಅನ್ನುವುದು ದಾಖಲಾಗಿದೆ. ಖಾಸಗಿಯವರದಾದರೆ ಅವರೇ ಪರೀಕ್ಷೆ ಮಾಡಿಸಬೇಕು, ಕಾಲುವೆ ಬಿಡಿಸಬೇಕು. ಸರ್ಕಾರದ್ದಾದರೆ ಆ ಇಲಾಖೆ.

ಈ ಊರಿನ ದುಡ್ಡು ನಮಗಿಲ್ಲ, ಒಪ್ಪುತ್ತೇನೆ. ಆದರೆ ಬರೆಗೆ ನಂಬರ್ ಹಾಕಿ ಪಕ್ಕದಲ್ಲಿ ಹೊಣೆಗಾರರ ಹೆಸರು ಬರೆಯಲು ಅಷ್ಟು ದುಡ್ಡು ಬೇಡ.

ಕೊಪ್ಪದ_ಅಡಿಕೆ

ನಂಬರ್, ಪಟ್ಟಿ, ಪರವಾನಗಿ ಎಲ್ಲ ಕೇಳಲು ಚೆಂದ. ಮಲೆನಾಡಿನಲ್ಲಿ ಬದುಕುವ ನಮಗೆ ಇಂಥ ಪಟ್ಟಿ ಅಂದರೆ ಭಯ. ಪಶ್ಚಿಮ ಘಟ್ಟ ಉಳಿಸುವ ಬಗ್ಗೆ 2011ರಲ್ಲಿ ಗಾಡ್ಗೀಳ್ ವರದಿ, 2013ರಲ್ಲಿ ಕಸ್ತೂರಿರಂಗನ್ ವರದಿ, 2014ರಿಂದ ಒಂದರ ಹಿಂದೆ ಒಂದು ಕೇಂದ್ರದ ಕರಡು ಅಧಿಸೂಚನೆ. ಕೇರಳದ ವಯನಾಡಿನಲ್ಲಿ ಭೂಕುಸಿತದ ದುರಂತ ಆದ ಮರುದಿನವೇ, 2024ರ ಜುಲೈ 31ಕ್ಕೆ, ಆರನೆಯದು ಬಂತು. ಕರ್ನಾಟಕದಲ್ಲೇ 20,668 ಚದರ ಕಿಲೋಮೀಟರ್ ಸೂಕ್ಷ್ಮ ಪ್ರದೇಶ ಅಂತ. ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಅದನ್ನು ತಿರಸ್ಕರಿಸಿತು, ನಮಗೆ ಸಮಾಧಾನವಾಯಿತು. ನಾನು ಕೊಟ್ಟಿಗೆ ಕಟ್ಟಬೇಕಾದರೂ ಯಾರನ್ನೋ ಕೇಳಬೇಕು ಅಂದರೆ ಹೇಗೆ? ದೊಡ್ಡ ರೆಸಾರ್ಟ್‌ಗಳಿಗೆ ಹೇಗೋ ಅನುಮತಿ ಸಿಗುತ್ತದೆ. ಒಂದೆರಡು ಎಕರೆಯವನಿಗೆ ಮಾತ್ರ ಕಾನೂನು.

ಪಂಚಾಯ್ತಿ_ಸದಸ್ಯೆ

ಕೊಪ್ಪದ ಅಣ್ಣ, ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ನಾನು ಸಕಲೇಶಪುರ ತಾಲ್ಲೂಕಿನವಳು. ದೋಣಿಗಾಲ್ ಹತ್ತಿರ ಹೆದ್ದಾರಿ ಎಷ್ಟು ಸಲ ಜಾರಿದೆ ಅಂತ ನಿಮಗೂ ಗೊತ್ತು. ಆದರೂ ಒಂದು ಮಾತು ಹೇಳಬೇಕು.

ಆ ಕರಡನ್ನು ನಾನು ಓದಿದ್ದೇನೆ. ಅದು ತಡೆಯುವುದು ಗಣಿಗಾರಿಕೆ, ಕಲ್ಲುಕ್ವಾರಿ, ಮರಳು ತೆಗೆಯುವುದು, ಹೆಚ್ಚು ಮಾಲಿನ್ಯದ ಕೆಂಪು ವರ್ಗದ ಹೊಸ ಕಾರ್ಖಾನೆ, ಉಷ್ಣ ವಿದ್ಯುತ್ ಸ್ಥಾವರ, 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಕಟ್ಟಡ. ಈ ತಡೆಗಳೆಲ್ಲ ಬೇಕು ಅಂತಲೇ ನಾನು ಹೇಳುತ್ತೇನೆ. ಆದರೆ ಹಾರಂಗಿಯವರ ಅಡುಗೆಮನೆ ಹಿಂದಿನ 18 ಅಡಿ ಬರೆಗೂ ಆ ಅಧಿಸೂಚನೆಗೂ ಸಂಬಂಧವೇ ಇಲ್ಲ. ಅದು ನಾಳೆ ಜಾರಿಯಾದರೂ ಇಳಿಜಾರಿನಲ್ಲಿ ಜೆಸಿಬಿ ತಂದು ಮನೆಗೋ ಹೋಮ್‌ಸ್ಟೇಗೋ ನೆಟ್ಟಗೆ ಕಡಿಯುವುದು ನಿಲ್ಲುವುದಿಲ್ಲ. ಹತ್ತು ವರ್ಷಕ್ಕೂ ಹೆಚ್ಚು ಕಾಲ ನಾವು ನಕ್ಷೆಯ ಗಡಿಗಾಗಿ ಜಗಳ ಆಡಿದ್ದೇವೆ. 2018ರಲ್ಲಿ ಕೊಡಗನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಬೊಟ್ಟು ಮಾಡಿ ತೋರಿಸಿದ್ದು ರಸ್ತೆಗೆ, ಮನೆಗೆ ಅಂತ ಇಳಿಜಾರು ಕಡಿದದ್ದನ್ನು, ನೀರಿಗೆ ದಾರಿ ಮಾಡದೆ ಬಿಟ್ಟದ್ದನ್ನು. ಆ ವಿಷಯ ಯಾವ ಪ್ರತಿಭಟನೆಯಲ್ಲೂ ಬರಲಿಲ್ಲ, ಯಾವ ಆದೇಶದಲ್ಲೂ ಗಟ್ಟಿಯಾಗಿ ಕೂರಲಿಲ್ಲ.

ಪಕ್ಕದ ನೀಲಗಿರಿ ನೋಡಿ. ತಮಿಳುನಾಡಿನಲ್ಲಿ 1990ರಿಂದ ಗುಡ್ಡಗಾಡಿಗೇ ಒಂದು ಪ್ರಾಧಿಕಾರ ಇದೆ, 1993ರಿಂದ ಗಿರಿಧಾಮಗಳಿಗೆ ಬೇರೆಯೇ ಕಟ್ಟಡ ನಿಯಮಗಳಿವೆ. ಅಲ್ಲಿ ಜೆಸಿಬಿ ಇಳಿಸಲು ಜಿಲ್ಲಾಧಿಕಾರಿಯ ಅನುಮತಿ ಬೇಕು. ಅಲ್ಲಿ ಎಲ್ಲವೂ ಸರಿಯಾಗಿದೆ ಅಂತ ಹೇಳುತ್ತಿಲ್ಲ. ನಮ್ಮಲ್ಲಿ ಮೈಸೂರಿನ ಮಟ್ಟಸ ಸೈಟಿಗೂ ಮಡಿಕೇರಿಯ ಇಳಿಜಾರಿಗೂ ಒಂದೇ ಅರ್ಜಿ. ನಮ್ಮ ಪಂಚಾಯಿತಿಗೆ ಮನೆ ಪರವಾನಗಿಗೆ ಬಂದಾಗ ನಾವು ಕೇಳುವುದು ಖಾತೆ, ನಕ್ಷೆ, ತೆರಿಗೆ ರಸೀದಿ. ಎಷ್ಟು ಅಡಿ ಕಡಿಯುತ್ತೀರಿ, ತೆಗೆದ ಮಣ್ಣು ಎಲ್ಲಿ ಸುರಿಯುತ್ತೀರಿ, ನೀರು ಯಾವ ತೋಡಿಗೆ ಬಿಡುತ್ತೀರಿ ಅಂತ ಒಂದು ಸಾಲೂ ಕೇಳುವುದಿಲ್ಲ. ಇದನ್ನು ಕೇಳಲು ದೆಹಲಿಯ ಅಧಿಸೂಚನೆ ಬೇಕಾ ಅಣ್ಣ? ನಿಮ್ಮ ಕೊಟ್ಟಿಗೆಗೆ ಯಾರೂ ಅಡ್ಡ ಬರುವುದಿಲ್ಲ. ಹತ್ತಡಿಗಿಂತ ಎತ್ತರ ಕಡಿಯುವವರು ಮಾತ್ರ ಉತ್ತರ ಹೇಳಲಿ, ರೆಸಾರ್ಟ್‌ನವರು ಮೊದಲು ಹೇಳಲಿ.

ಕೊಪ್ಪದ_ಅಡಿಕೆ

ಹತ್ತಡಿ ಅನ್ನುವ ಗೆರೆ ಒಪ್ಪಬಹುದು. ಆದರೆ ಪರೀಕ್ಷೆ ಮಾಡುವವರು ಯಾರು? ನೂರು ಅರ್ಜಿಗೆ ಒಬ್ಬ ಅಧಿಕಾರಿ ಅಂತಾದರೆ ಮತ್ತೆ ದುಡ್ಡಿನ ವ್ಯವಹಾರ ಶುರುವಾಗುತ್ತದೆ. ಚಿಕ್ಕವನ ಮನೆಗೆ ತಪಾಸಣೆ ಪುಕ್ಕಟೆ ಆಗಬೇಕು. ತಡೆಗೋಡೆಗೆ ಸಹಾಯಧನ ಬೇಕು. ಬರೀ ನಿಯಮ ಹೇರಬೇಡಿ.

ಪಂಚಾಯ್ತಿ_ಸದಸ್ಯೆ

ಪುಕ್ಕಟೆ ಆಗಬೇಕು, ನೂರಕ್ಕೆ ನೂರು ಒಪ್ಪುತ್ತೇನೆ. ದುಡ್ಡಿಗೂ ದಾರಿ ಇದೆ. 15ನೇ ಹಣಕಾಸು ಆಯೋಗ 2021ರಿಂದ ವಿಪತ್ತು ನಿಧಿಯಲ್ಲಿ 20 ಪಾಲನ್ನು, ಅಂದರೆ ನೂರಕ್ಕೆ 20 ರೂಪಾಯಿಯನ್ನು, ಅಪಾಯ ತಗ್ಗಿಸುವ ಕೆಲಸಕ್ಕೇ ಬೇರೆ ಇಟ್ಟಿತು. ಮುಂಚೆ ಎಲ್ಲವೂ ಪರಿಹಾರಕ್ಕೇ. ಗುಡ್ಡ ಪ್ರದೇಶದಲ್ಲಿ ಪೂರ್ತಿ ಬಿದ್ದ ಮನೆಗೆ ಕೇಂದ್ರದ 2022-26ರ ಲೆಕ್ಕದಲ್ಲಿ 1.30 ಲಕ್ಷ ರೂಪಾಯಿ. ಅದರಲ್ಲಿ ಮನೆ ಆಗುತ್ತದಾ? ಬೀಳುವ ಮುಂಚೆ ಕಾಲುವೆಗೆ, ತಂತಿಬುಟ್ಟಿ ಗೋಡೆಗೆ ಅದರಲ್ಲಿ ಸ್ವಲ್ಪ ಭಾಗ ಕೊಟ್ಟರೂ ಎಷ್ಟೋ ಮನೆ ಉಳಿಯುತ್ತವೆ. ಜಿಲ್ಲಾ ವಿಪತ್ತು ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು. 2005ರ ಕಾಯ್ದೆಯಲ್ಲೇ ಅವರಿಗೆ ಅಪಾಯದ ಜಾಗ ಗುರುತಿಸುವ ಹೊಣೆ ಇದೆ. ನಾವು ಊರಿಂದ ಪಟ್ಟಿ ಮಾಡಿ ಕಳಿಸದೆ ಅವರು ಯಾವ ಬರೆ ಅಂತ ಹುಡುಕುತ್ತಾರೆ?

ಮಳೆ_ಮೇಷ್ಟ್ರು

ಕಾಲುವೆ, ಗೋಡೆ, ನಿಯಮ ಎಲ್ಲ ಬೇಕು. ಆದರೆ ಇವೆಲ್ಲ ಆಗುವ ತನಕ ಈ ಜುಲೈನಲ್ಲಿ ಜನರನ್ನು ಉಳಿಸುವುದು ಎಚ್ಚರಿಕೆ ಒಂದೇ. ನಾನು ಸೋಮವಾರಪೇಟೆ ಕಡೆ ಶಾಲಾ ಶಿಕ್ಷಕ.

ನಮ್ಮ ರಾಜ್ಯದಲ್ಲಿ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇದೆ. 1988ರಲ್ಲಿ ಬರ ನೋಡಿಕೊಳ್ಳಲು ಶುರುವಾದದ್ದು. ಇವತ್ತು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನಾಗಿ ಅಳೆಯುವ ಮಳೆಮಾಪಕಗಳಿವೆ. ಬೇರೆ ಎಷ್ಟೋ ರಾಜ್ಯಗಳಿಗೆ ಈ ಅನುಕೂಲ ಇಲ್ಲ. ಆದರೆ ಬೆಟ್ಟದ ಮಳೆ ವಿಚಿತ್ರ. ಈ ಕಡೆ ಎರಡು ಇಂಚು ಬಿದ್ದರೆ ಆ ಬೆಟ್ಟದ ಹಿಂದೆ ಎಂಟು ಇಂಚು. ಪಂಚಾಯಿತಿಗೆ ಒಂದು ಮಾಪಕ ಸಾಲದು. ಕಾಫಿ ಬೆಳೆಗಾರರ ಮನೆಗಳಲ್ಲಿ ತಲೆಮಾರುಗಳಿಂದ ಇಂಚಿನ ಲೆಕ್ಕದಲ್ಲಿ ಮಳೆ ಬರೆದಿಟ್ಟ ಪುಸ್ತಕಗಳಿವೆ. ಅದೆಲ್ಲ ಆ ಮನೆಯೊಳಗೇ ಉಳಿಯುತ್ತದೆ. ದಿನಾ ಬೆಳಿಗ್ಗೆ ಆ ಅಂಕಿಗಳು ಒಂದು ವಾಟ್ಸಾಪ್ ಗುಂಪಿಗೆ ಬಂದರೆ ಯಾವ ಬೆಟ್ಟ ಎಷ್ಟು ನೆನೆದಿದೆ ಅಂತ ಊರಿಗೇ ಗೊತ್ತಾಗುತ್ತದೆ.

ವಯನಾಡಿನಲ್ಲಿ ಇದನ್ನು ಮಾಡಿದ್ದಾರೆ. ಕಲ್ಪೆಟ್ಟದ ಹ್ಯೂಮ್ ಸೆಂಟರ್ ಸ್ಥಳೀಯರ ಜೊತೆ ಸೇರಿ ಜಿಲ್ಲೆಯ ತುಂಬಾ ಮಳೆ ಅಳೆಯುತ್ತದೆ. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿಹೋದವು. ಅದರ ಹಿಂದಿನ ದಿನವೇ ಅವರು ಅಪಾಯ ಇದೆ ಅಂತ ಜಿಲ್ಲಾಡಳಿತಕ್ಕೆ ತಿಳಿಸಿದ್ದರು ಎಂದು ಪತ್ರಿಕೆಗಳಲ್ಲಿ ಬಂತು. ಮಾಹಿತಿ ಇತ್ತು. ಆದರೆ ಅದು ರಾತ್ರಿ ಮಲಗಿದ್ದವರ ಬಾಗಿಲ ತನಕ ಬರಲಿಲ್ಲ. ಸತ್ತವರಲ್ಲಿ ನಮ್ಮ ಚಾಮರಾಜನಗರ, ಮಂಡ್ಯ ಕಡೆಯಿಂದ ಹೋದ ಕಾರ್ಮಿಕ ಕುಟುಂಬದವರೂ ಇದ್ದರು. ಇದನ್ನು ಬರೆಯುವಾಗಲೂ ಹೊಟ್ಟೆ ಉರಿಯುತ್ತದೆ.

24 ಗಂಟೆಯಲ್ಲಿ 204.4 ಮಿಲಿಮೀಟರ್ ದಾಟಿದರೆ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಅತ್ಯಂತ ಭಾರೀ ಮಳೆ. ಆದರೆ ಗುಡ್ಡಕ್ಕೆ ಒಂದು ದಿನದ ಲೆಕ್ಕ ಸಾಲದು. ವಾರವಿಡೀ ನೆನೆದ ಮೇಲೆ ಬೀಳುವ ನಾಲ್ಕು ಇಂಚೂ ಸಾಕಾಗುತ್ತದೆ. ಮೇಲಾಗಿ ಫೋನಿಗೆ ಬರುವ ರೆಡ್ ಅಲರ್ಟ್ ಇಡೀ ಜಿಲ್ಲೆಗೆ ಒಂದೇ. ನನ್ನ ಬರೆಗೆ ಏನು ಅರ್ಥ ಅಂತ ಯಾರಾದರೂ ಹೇಳಬೇಕಲ್ವಾ? ಪ್ರತಿ ಹತ್ತು ಹದಿನೈದು ಮನೆಗೆ ಒಬ್ಬರು ಹೊಣೆ ಹೊತ್ತು, ಕತ್ತಲಾಗುವ ಮುಂಚೆಯೇ ಬಾಗಿಲು ತಟ್ಟಿ ಎಬ್ಬಿಸಿಕೊಂಡು ಹೋಗಬೇಕು. ಮೊದಲು ಲೈನ್‌ಮನೆಗಳಿಗೆ, ಅಂದರೆ ತೋಟದ ಕಾರ್ಮಿಕರ ಸಾಲುಮನೆಗಳಿಗೆ, ಹೋಗಬೇಕು. ಅಸ್ಸಾಂನಿಂದ, ಜಾರ್ಖಂಡ್‌ನಿಂದ ಬಂದವರಿಗೆ ಕನ್ನಡದ ಸಂದೇಶ ಅರ್ಥವಾಗುವುದಿಲ್ಲ, ಎಲ್ಲಿಗೆ ಓಡಬೇಕು ಅನ್ನುವುದೂ ಗೊತ್ತಿಲ್ಲ. ಆಮೇಲೆ ಮನೆ ಬಿದ್ದರೆ ಅವರ ಹೆಸರಿನಲ್ಲಿ ಒಂದು ಕಾಗದವೂ ಇರುವುದಿಲ್ಲ.

ಹೊಸಮನೆ_ಹಳೆತೋಟ

ಹಾರಂಗಿಯವರ ತಮ್ಮ ಊರು ಬಿಡೋಣ ಅಂದರಂತಲ್ಲ, ಅದಕ್ಕೆ ನನ್ನ ಅನುಭವ ಹೇಳುತ್ತೇನೆ. 2018ರಲ್ಲಿ ಮನೆ ಕಳೆದುಕೊಂಡವರಿಗೆ ಜಂಬೂರು, ಕರ್ಣಂಗೇರಿ, ಮದೆನಾಡು ಕಡೆ ಹೊಸ ಮನೆ ಕಟ್ಟಿಕೊಟ್ಟರು. ನಮಗೂ ಅಂಥದೊಂದು ಸಿಕ್ಕಿತು. ಮನೆ ಗಟ್ಟಿಯಾಗಿದೆ, ಮಕ್ಕಳು ಮಳೆಯ ರಾತ್ರಿ ಹೆದರದೆ ಮಲಗುತ್ತಾರೆ. ಅದಕ್ಕೆ ನಾನು ಋಣಿ.

ಆದರೆ ತೋಟ ಹಳೆಯ ಊರಿನಲ್ಲೇ ಇದೆ. ಅಲ್ಲಿ ಉಳಿದದ್ದರಲ್ಲಿ ಕಾಫಿ, ಮೆಣಸು ನೋಡಿಕೊಳ್ಳಬೇಕು. ದಿನಾ ಹೋಗಿ ಬರುವ ಖರ್ಚು ದೊಡ್ಡದು. ಕೆಲಸ ಜಾಸ್ತಿ ಇರುವಾಗ ಕೆಲವರು ಅಲ್ಲೇ ಹಳೆಯ ಮನೆಯಲ್ಲಿ ರಾತ್ರಿ ಉಳಿಯುತ್ತಾರೆ, ಮಳೆಗಾಲದಲ್ಲೂ. ದನ ಕಟ್ಟಲು ಹೊಸ ಬಡಾವಣೆಯಲ್ಲಿ ಜಾಗ ಇಲ್ಲ. ಸ್ಥಳಾಂತರ ಅಂದರೆ ಬರೀ ಮನೆ ಅಲ್ಲ. ತೋಟಕ್ಕೆ ಬಸ್ಸು ಬೇಕು, ಕೊಟ್ಟಿಗೆ ಬೇಕು, ಹಳೆಯ ಜಾಗದಲ್ಲಿ ಮಳೆಗಾಲದ ರಾತ್ರಿ ಯಾರೂ ಉಳಿಯದ ಹಾಗೆ ವ್ಯವಸ್ಥೆ ಬೇಕು. ಯೋಜನೆ ಮಾಡುವವರು ನಮ್ಮ ಜೊತೆ ಕೂತು ಒಂದು ದಿನದ ಕೆಲಸದ ಪಟ್ಟಿ ಕೇಳಿದ್ದರೆ ಇದೆಲ್ಲ ಮೊದಲೇ ಗೊತ್ತಾಗುತ್ತಿತ್ತು.

ಹಾರಂಗಿ_ತೋಟ

ಎಲ್ಲರಿಗೂ ತುಂಬಾ ಧನ್ಯವಾದ. ಪಕ್ಕದ ತೋಟದವರ ಜೊತೆ ಮಾತಾಡಿದೆ. ಮೊದಲು ಅವರಿಗೆ ಇಷ್ಟವಾಗಲಿಲ್ಲ. ಲೀಟರ್ ಲೆಕ್ಕ ತೋರಿಸಿದ ಮೇಲೆ ರಸ್ತೆಗೆ ಅಡ್ಡ ಕಾಲುವೆ ಹಾಕಲು ಒಪ್ಪಿದರು, ಖರ್ಚು ಅರ್ಧರ್ಧ. ಗೂಟ ಹೊಡೆದು ಅಳತೆ ಬರೆದಿದ್ದೇವೆ. ಬರೆಯ ಹತ್ತಿರದ ತೊಟ್ಟಿಲು ಗುಂಡಿ ಮುಚ್ಚಿಸುತ್ತಿದ್ದೇವೆ. ತಹಶೀಲ್ದಾರರಿಗೆ ಅರ್ಜಿ ಕೊಟ್ಟೆ. ಭೂವಿಜ್ಞಾನಿ ನೋಡಿ ಹೇಳುವ ತನಕ ಗೋಡೆ ಕೆಲಸ ನಿಲ್ಲಿಸಿದ್ದೇನೆ. ಜೂನ್‌ನಿಂದ ಅಮ್ಮ ಚಿಕ್ಕಮ್ಮನ ಮನೆಯಲ್ಲಿ ಇರುತ್ತಾರೆ. ಒಪ್ಪಿಸುವುದು ಸುಲಭ ಇರಲಿಲ್ಲ, ಒಪ್ಪಿದ್ದಾರೆ.

ಪಂಚಾಯಿತಿ ಸದಸ್ಯೆ ಅಕ್ಕ, ನಮ್ಮ ಗ್ರಾಮಸಭೆಯಲ್ಲಿ ಮಂಡಿಸಲು ಒಂದು ಠರಾವು ಬರೆದುಕೊಡುತ್ತೀರಾ?

ಪಂಚಾಯ್ತಿ_ಸದಸ್ಯೆ

ಬರೆದಿದ್ದೇನೆ. ನಿಮ್ಮ ಊರಿಗೆ ತಕ್ಕ ಹಾಗೆ ಬದಲಾಯಿಸಿಕೊಳ್ಳಿ:

"ನಮ್ಮ ಗ್ರಾಮದ ವ್ಯಾಪ್ತಿಯಲ್ಲಿ ಮನೆ, ಶಾಲೆ, ಅಂಗನವಾಡಿ, ಲೈನ್‌ಮನೆ ಮತ್ತು ರಸ್ತೆಯ ಪಕ್ಕದಲ್ಲಿರುವ ಹತ್ತಡಿಗಿಂತ ಎತ್ತರದ ಎಲ್ಲ ಬರೆಗಳನ್ನು ಏಪ್ರಿಲ್ ಒಳಗೆ ನಂಬರ್ ಹಾಕಿ, ಹೊಣೆಗಾರರ ಹೆಸರಿನೊಂದಿಗೆ ಪಟ್ಟಿ ಮಾಡುವುದು. ಮೇ ತಿಂಗಳಲ್ಲಿ ಪ್ರತಿ ಬರೆಯ ಮೇಲಿನ ಕಾಲುವೆ ಮತ್ತು ಬಿರುಕುಗಳನ್ನು ನೋಡಿ ದಾಖಲಿಸುವುದು. ಹತ್ತಡಿಗಿಂತ ಎತ್ತರ ಕಡಿಯುವವರು ಕಡಿತದ ಎತ್ತರ, ಮಣ್ಣು ಸುರಿಯುವ ಜಾಗ, ನೀರು ಬಿಡುವ ತೋಡು ಇಷ್ಟನ್ನು ಅರ್ಜಿಯಲ್ಲಿ ಬರೆದುಕೊಡದೆ ಪರವಾನಗಿ ನೀಡದಿರುವುದು. ಸಣ್ಣ ಹಿಡುವಳಿದಾರರ ಬರೆಗಳ ಪರಿಶೀಲನೆಯನ್ನು ಉಚಿತವಾಗಿ ಮಾಡಿಸುವಂತೆಯೂ, ಕಾಲುವೆ ಮತ್ತು ತಡೆ ಕಾಮಗಾರಿಗೆ ವಿಪತ್ತು ಅಪಾಯ ತಗ್ಗಿಸುವ ನಿಧಿಯಿಂದ ನೆರವು ನೀಡುವಂತೆಯೂ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರವನ್ನು ಕೋರುವುದು. ಪ್ರತಿ ಹದಿನೈದು ಮನೆಗೆ ಒಬ್ಬರನ್ನು ಎಚ್ಚರಿಕೆ ಹೊಣೆಗೆ ನೇಮಿಸಿ, ಕತ್ತಲಾಗುವ ಮುಂಚೆ ಸ್ಥಳಾಂತರಿಸುವ ಜಾಗವನ್ನು ಮೊದಲೇ ಗೊತ್ತು ಮಾಡುವುದು."

ಬಿಟ್ಟುಹೋದದ್ದು ಇದ್ದರೆ ಹೇಳಿ. ನಮ್ಮ ಗ್ರಾಮಸಭೆಯಲ್ಲೂ ಇದನ್ನೇ ಇಡುತ್ತೇನೆ.

ಗಂಗಾವಳಿ_ದಂಡೆ

ಒಂದು ಸಾಲು ಸೇರಿಸಿ: "ಹೆದ್ದಾರಿ, ರೈಲು ಮತ್ತು ಲೋಕೋಪಯೋಗಿ ರಸ್ತೆಗಾಗಿ ಕಡಿದ ಗುಡ್ಡಗಳನ್ನೂ ಈ ಪಟ್ಟಿಗೆ ಸೇರಿಸಿ, ಸಂಬಂಧಪಟ್ಟವರಿಂದ ಮಳೆಗಾಲಕ್ಕೆ ಮುಂಚೆ ಲಿಖಿತ ಪರಿಶೀಲನಾ ವರದಿ ಪಡೆಯುವುದು. ಕುಸಿದರೆ ಮಣ್ಣು ತಲುಪಬಹುದಾದ ಕೆಳಗಿನ ಮನೆಗಳ ಜೊತೆಗೆ ಹೊಳೆಯ ಆಚೆ ದಡದ ಮನೆಗಳನ್ನೂ ಎಚ್ಚರಿಕೆ ಪಟ್ಟಿಗೆ ಸೇರಿಸುವುದು."

ಕೊಪ್ಪದ_ಅಡಿಕೆ

ಉಚಿತ ತಪಾಸಣೆಯ ಮಾತು ಹಾಕಿದ್ದೀರಿ, ಸಂತೋಷ. ನಮ್ಮ ಸಭೆಯಲ್ಲೂ ಓದಿಸುತ್ತೇನೆ. ಅಕ್ಕ, ಅರ್ಜಿಯಲ್ಲಿ ಕೇಳುವ ಆ ಮೂರು ಪ್ರಶ್ನೆಗಳ ನಮೂನೆ ಇದ್ದರೆ ಇಲ್ಲೇ ಹಾಕಿ, ಪಿಡಿಒಗೆ ತೋರಿಸಬೇಕು.

ಪಂಚಾಯ್ತಿ_ಸದಸ್ಯೆ

ಗಂಗಾವಳಿಯವರ ಸಾಲು ಸೇರಿಸಿದೆ. ನಮೂನೆ ಸಿದ್ಧ ಮಾಡಿ ಇಂಜಿನಿಯರ್ ಸರ್‌ಗೆ ತೋರಿಸಿ ಸೋಮವಾರ ಹಾಕುತ್ತೇನೆ.

ಘಾಟಿ_ಇಂಜಿನಿಯರ್

ಕಳಿಸಿ. ನಾಲ್ಕನೆಯ ಪ್ರಶ್ನೆ ಒಂದು ಸೇರಲಿ: ಬರೆಯ ಮೇಲೆ ಯಾರ ಜಾಗ ಇದೆ, ಅಲ್ಲಿಂದ ಬರುವ ನೀರಿಗೆ ಅವರು ಏನು ಮಾಡಿದ್ದಾರೆ?